ಕೋಲ್ಕಾ ಕಣಿವೆಯ ನೀರಿನ ಸರದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಪೆರು ದೇಶದ ಕೋಲ್ಕಾ ಕಣಿವೆಯ ಒಂದು ಚಿತ್ರ ಹಾಕಿದ್ದೆವು. ಬೆಟ್ಟದ ಮೇಲಿಂದ ಬುಡದವರೆಗೂ ಕಲ್ಲು ಕಟ್ಟಿದ ಮೆಟ್ಟಿಲು ಹೊಲಗಳು. ಕೆಳಗೆ ನಾಲ್ಕೇ ಸಾಲು ಬರೆದಿದ್ದೆವು: ಇಲ್ಲಿ ನಾಲೆ ನೀರು ಹಂಚುವವರನ್ನು ಊರವರೇ ನೇಮಿಸುತ್ತಾರೆ, ನಾಲೆ ಕೆಲಸಕ್ಕೆ ಬರದವರಿಗೆ ದಂಡ ಇದೆ ಅಂತ. ಅಷ್ಟಕ್ಕೇ ಮಂಡ್ಯ, ಮೈಸೂರು ಕಡೆಯಿಂದ ಪತ್ರಗಳ ಮೇಲೆ ಪತ್ರ. ನೀರಿನ ಸುದ್ದಿ ಎತ್ತಿದರೆ ನಮ್ಮ ಕಡೆ ಯಾರೂ ಸುಮ್ನಿರಲ್ಲ, ಅಲ್ವಾ? ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಕೆಲವನ್ನು ಚಿಕ್ಕದು ಮಾಡಿ ಉತ್ತರ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ. ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಸ್ವಾಮಿ, ಈ ಕೋಲ್ಕಾ ಅನ್ನೋದು ಊರಾ, ಹೊಳೆಯಾ, ಜಿಲ್ಲೆಯಾ? ನಕ್ಷೆಯಲ್ಲಿ ಹುಡುಕಿ ಸಾಕಾಯ್ತು.
– ಪಾಂಡವಪುರ

ಹೊಳೆ. ಆ ಹೊಳೆ ಕೊರೆದ ಕಣಿವೆಗೂ ಅದೇ ಹೆಸರು. ನೀವು ಹುಡುಕಬೇಕಾದದ್ದು ಕೈಯೋಮಾ ಅನ್ನೋ ಪ್ರಾಂತ್ಯ. ಪೆರುವಿನ ದಕ್ಷಿಣಕ್ಕೆ ಅರೆಕೀಪಾ ಅಂತ ದೊಡ್ಡ ವಿಭಾಗ ಇದೆ. ಅದರ ಎಂಟು ಪ್ರಾಂತ್ಯಗಳಲ್ಲಿ ಇದೂ ಒಂದು. ಪ್ರಾಂತ್ಯ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಅದರ ಕೆಳಗೆ ನಮ್ಮ ತಾಲ್ಲೂಕುಗಳ ಥರ 20 ಭಾಗಗಳಿವೆ. ಮುಖ್ಯ ಊರು ಚಿವಾಯ್.

ವಿಸ್ತಾರ ಸುಮಾರು 14,000 ಚದರ ಕಿಲೋಮೀಟರ್. ಮಂಡ್ಯ ಜಿಲ್ಲೆ 5,000ಕ್ಕೆ ಒಂಚೂರು ಕಮ್ಮಿ. ಹತ್ತಿರ ಹತ್ತಿರ ಮೂರು ಮಂಡ್ಯ ಹಿಡಿಸುವಷ್ಟು ಜಾಗ. ಆದರೆ ಜನ? 2011ರ ಗಣತಿಯಲ್ಲಿ ಮಂಡ್ಯದಲ್ಲಿ 18 ಲಕ್ಷ ಜನ ಇದ್ದರು. ಅಲ್ಲಿ 2017ರ ಗಣತಿಯಲ್ಲಿ ಒಂದು ಲಕ್ಷವೂ ದಾಟಿಲ್ಲ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಇರೋದು ಕಣಿವೆಯಲ್ಲಲ್ಲ, ದೂರದ ಮಾಹೆಸ್ ಎಂಬ ಮರಳುಗಾಡಿನ ಬಯಲಲ್ಲಿ. ಆ ಬಯಲಿನ ಕಥೆ ಬೇರೆಯೇ ಇದೆ, ಮುಂದೆ ಬರುತ್ತದೆ.

ಹೊಳೆ ಹುಟ್ಟೋದು 4,000 ಮೀಟರಿಗೂ ಮೇಲಿನ ಹುಲ್ಲುಗಾವಲಲ್ಲಿ. ಅಲ್ಲಿ ಬೇಸಾಯ ಇಲ್ಲ. ಅಲ್ಪಾಕಾ, ಯಾಮಾ ಅನ್ನೋ ಒಂಟೆ ಜಾತಿಯ ಉಣ್ಣೆ ಪ್ರಾಣಿಗಳನ್ನು ಸಾಕುತ್ತಾರೆ. ಸಿಬಾಯೋ, ಕಯಾಯಿ ಊರುಗಳೆಲ್ಲ ಇಂಥ ಸಾಕಣೆಯವರ ಊರುಗಳು. ಚಿವಾಯ್‌ನಿಂದ ಕಬಾನಾಕೊಂಡೆವರೆಗೆ ಕಣಿವೆ ಸ್ವಲ್ಪ ಅಗಲ ಆಗುತ್ತದೆ. ಎರಡೂ ದಡದಲ್ಲಿ ಊರುಗಳು, ಮೆಟ್ಟಿಲು ಹೊಲಗಳು. ನೀವು ನೋಡಿದ ಚಿತ್ರ ಈ ಭಾಗದ್ದು. ಅಲ್ಲಿಂದ ಮುಂದೆ ಹೊಳೆ ಆಳದ ಕಂದಕಕ್ಕೆ ಇಳಿದುಬಿಡುತ್ತದೆ. ಮೇಲಿನ ಬೆಟ್ಟದ ತುದಿಯಿಂದ ನೀರಿನ ಮಟ್ಟಕ್ಕೆ ಅಳೆದರೆ 3,000 ಮೀಟರಿಗೂ ಜಾಸ್ತಿ ಆಳ. ಕೊನೆಗೆ ಮಾಹೆಸ್, ಆಮೇಲೆ ಕಮಾನಾ ಅಂತ ಹೆಸರು ಬದಲಿಸಿಕೊಂಡು ಶಾಂತಸಾಗರ ಸೇರುತ್ತದೆ.

ನಮ್ಮ ಊಟಿಯಲ್ಲೇ ಹಿಮ ಬಿದ್ದರೆ ಗಿಡ ಸುಟ್ಟುಹೋಗುತ್ತೆ. ಅಲ್ಲಿ ಅಷ್ಟು ಎತ್ತರದಲ್ಲಿ ಬೆಳೆ ಹೇಗೆ ಬರುತ್ತೆ? ಮಳೆ ಬರೋ ಮೊದಲೇ ಯಾಕೆ ಬಿತ್ತಬೇಕು?
– ಕುವೆಂಪುನಗರ, ಮೈಸೂರು

ಊಟಿ ಇರೋದು 2,240 ಮೀಟರ್ ಎತ್ತರದಲ್ಲಿ. ಚಿವಾಯ್ 3,600 ಮೀಟರ್ ದಾಟಿದೆ. ಕಬಾನಾಕೊಂಡೆ ಸ್ವಲ್ಪ ಕೆಳಗೆ, ಸುಮಾರು 3,300. ಆದರೂ ಬೆಳೆ ಬರುತ್ತದೆ ಅಂದರೆ ಒಂದು ಕಾರಣ ಜಾಗ. ಸಮಭಾಜಕದಿಂದ ನಾವು ಉತ್ತರಕ್ಕೆ 12 ಡಿಗ್ರಿ ಚಿಲ್ಲರೆ ದೂರ ಇದ್ದರೆ ಅವರು ದಕ್ಷಿಣಕ್ಕೆ 15 ಡಿಗ್ರಿ ಚಿಲ್ಲರೆ. ಹಗಲು ಬಿಸಿಲು ಚೆನ್ನಾಗಿ ಹೊಡೆಯುತ್ತದೆ. ರಾತ್ರಿ ಮಾತ್ರ ನಡುಕ. ಅವರ ಚಳಿಗಾಲ ಜೂನ್, ಜುಲೈ. ಆಗ ರಾತ್ರಿ ಹೊತ್ತು ನೀರು ಹೆಪ್ಪುಗಟ್ಟುವಷ್ಟು ಥಂಡಿ.

ಮಳೆ ಬರೋದು ಡಿಸೆಂಬರಿನಿಂದ ಮಾರ್ಚ್‌ವರೆಗೆ. ವರ್ಷಕ್ಕೆ 400 ಮಿಲಿಮೀಟರ್ ಆಸುಪಾಸು. ಈಗ ಲೆಕ್ಕ ಹಾಕಿ. ಆ ಎತ್ತರದಲ್ಲಿ ಮುಸುಕಿನ ಜೋಳ ನಮ್ಮಲ್ಲಿ ಬಂದಂತೆ ಮೂರು-ನಾಲ್ಕು ತಿಂಗಳಿಗೆ ಬರಲ್ಲ. ಏಳೆಂಟು ತಿಂಗಳು ಬೇಕು. ಮಳೆ ಬರಲಿ ಅಂತ ಡಿಸೆಂಬರ್‌ವರೆಗೆ ಕಾದು ಬಿತ್ತಿದರೆ ತೆನೆ ಹಾಲುಗಟ್ಟೋ ಹೊತ್ತಿಗೆ ಥಂಡಿ ಶುರುವಾಗಿ ಇಡೀ ಹೊಲ ಕರಕಲು. ಅದಕ್ಕೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಆಕಾಶದಲ್ಲಿ ಒಂದು ಮೋಡ ಇಲ್ಲದಾಗ, ನಾಲೆ ನೀರು ಹಾಯಿಸಿ ಹದ ಮಾಡಿ ಬಿತ್ತುತ್ತಾರೆ. ಮಳೆ ಬಂದಮೇಲೆ ಅದು ನಡುವಿನ ತಿಂಗಳುಗಳನ್ನು ನೋಡಿಕೊಳ್ಳುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಕೊಯ್ಲು. ಅಂದರೆ ಅಲ್ಲಿ ನಾಲೆ ಇರೋದು ಮಳೆ ಕೈಕೊಟ್ಟಾಗ ಕಾಪಾಡೋದಕ್ಕೆ ಮಾತ್ರ ಅಲ್ಲ, ಬೆಳೆಯನ್ನು ಥಂಡಿಗಿಂತ ಮುಂಚೆ ಮುಗಿಸೋದಕ್ಕೆ. ಮೊದಲ ನೀರು ಹದಿನೈದು ದಿನ ತಡ ಆದರೆ ಕೊಯ್ಲಿನಲ್ಲಿ ಅದರ ಏಟು ಗೊತ್ತಾಗುತ್ತದೆ.

ಮೆಟ್ಟಿಲು ಹೊಲದ ಕಲ್ಲುಗೋಡೆ ಇನ್ನೊಂದು ಸಹಾಯ ಮಾಡುತ್ತದೆ. ಹಗಲಿನ ಬಿಸಿಲಿಗೆ ಕಲ್ಲು ಕಾಯುತ್ತದೆ, ರಾತ್ರಿ ಆ ಬಿಸಿ ನಿಧಾನಕ್ಕೆ ಬಿಡುತ್ತದೆ. ತಣ್ಣನೆ ಗಾಳಿ ಭಾರ, ಅದು ಇಳಿಜಾರಿನಲ್ಲಿ ಕೆಳಗೆ ಹರಿದುಹೋಗುತ್ತದೆ. ಕೆಳಗಿನ ಸಪಾಟು ಜಾಗದಲ್ಲಿ ಸುಟ್ಟುಹೋಗೋ ಬೆಳೆ ಮೆಟ್ಟಿಲ ಮೇಲೆ ಉಳಿದುಕೊಳ್ಳೋದು ಇದರಿಂದಲೇ.

ಅಲ್ಲಿ ಭತ್ತ, ಕಬ್ಬು, ರಾಗಿ ಬೆಳೀತಾರಾ?
– ಕೆ.ಆರ್. ಪೇಟೆ

ಕಣಿವೆಯಲ್ಲಿ ಮೂರೂ ಇಲ್ಲ. ಮುಸುಕಿನ ಜೋಳ, ಬಾರ್ಲಿ, ಆಲೂಗಡ್ಡೆ, ಕಿನೋವಾ, ಅವರೆಯಂಥ ದಪ್ಪ ಕಾಳಿನ ಒಂದು ಬೆಳೆ, ದನಕ್ಕೆ ಕುದುರೆಮೆಂತೆ. ಕಬಾನಾಕೊಂಡೆಯ ಜೋಳಕ್ಕೆ ಸುತ್ತಲೂ ಒಳ್ಳೆ ಹೆಸರಿದೆ. ಜೋಳ ಮೊಳಕೆ ಬರಿಸಿ ಚಿಚಾ ಅನ್ನೋ ಹುಳಿ ಪಾನೀಯ ಮಾಡುತ್ತಾರೆ, ಅದಿಲ್ಲದೆ ಹಬ್ಬವೂ ಇಲ್ಲ, ನಾಲೆ ಕೆಲಸವೂ ಇಲ್ಲ. ಭತ್ತ ಬೇಕು ಅಂದರೆ ಅದೇ ಹೊಳೆಯ ಜೊತೆ ಸಮುದ್ರದವರೆಗೆ ಇಳಿಯಬೇಕು. ಕಮಾನಾ ಸುತ್ತಮುತ್ತ ಗದ್ದೆಯೋ ಗದ್ದೆ.

ನಮ್ಮದು ನಾಲೆಯ ಕೊನೇ ಭಾಗ. ಕಟ್ಟು ನೀರು (ಸರದಿ ಮೇಲೆ ಇಷ್ಟು ದಿನ ಅಂತ ಬಿಡೋ ನೀರು) ಬಿಟ್ಟರೂ ನಮಗೆ ತಲುಪೋ ಹೊತ್ತಿಗೆ ಕಟ್ಟು ಮುಗಿದಿರುತ್ತೆ. ಮೇಲಿನವರು ರಾತ್ರೋರಾತ್ರಿ ತೂಬು ಎತ್ತುತ್ತಾರೆ. ಅಲ್ಲಿ ಕೊನೇ ಹೊಲದವನಿಗೆ ನೀರು ಸಿಗುತ್ತಾ? ಯಾರು ಕೊಡಿಸ್ತಾರೆ?
– ಮಳವಳ್ಳಿ ತಾಲ್ಲೂಕು

ಬಂದ ಪತ್ರಗಳಲ್ಲಿ ಅರ್ಧ ಇದೇ ಪ್ರಶ್ನೆ. ಅದಕ್ಕೇ ಇದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಬಾನಾಕೊಂಡೆಯನ್ನೇ ತೆಗೆದುಕೊಳ್ಳಿ. ಊರಿನ ಮೇಲೆ ವಾಲ್ಕಾ ವಾಲ್ಕಾ ಅನ್ನೋ ಬೆಟ್ಟ, 6,000 ಮೀಟರಿಗೂ ಎತ್ತರ, ತಲೆಯ ಮೇಲೆ ಹಿಮ. ಆ ಹಿಮ ಕರಗಿದ ನೀರೇ ಊರಿನ ಹಳೆಯ ನಾಲೆಗೆ ಮೂಲ. ಊರು ಹಿಂದಿನಿಂದಲೂ ಎರಡು ಪಾಲು: ಮೇಲಿನ ಪಾಲು, ಕೆಳಗಿನ ಪಾಲು. ಹೊಲಗಳೂ ಹಾಗೇ ಎರಡು ಪಟ್ಟಿಯಲ್ಲಿ ಸೇರಿವೆ. ಪ್ರತಿ ಪಾಲಿಗೂ ಒಬ್ಬ ನೀರಿನ ಯಜಮಾನ. ನಮ್ಮ ಹಳೇ ಕೆರೆಗಳ ನೀರುಗಂಟಿ ಮಾಡುತ್ತಿದ್ದ ಕೆಲಸವೇ. ವ್ಯತ್ಯಾಸ ಏನಪ್ಪಾ ಅಂದರೆ ನೀರುಗಂಟಿತನ ನಮ್ಮಲ್ಲಿ ಎಷ್ಟೋ ಕಡೆ ಮನೆತನದಲ್ಲಿ ಬರುತ್ತಿತ್ತು. ಅಲ್ಲಿ ಅದು ಊರ ಕೆಲಸ, ಒಬ್ಬರಾದ ಮೇಲೆ ಒಬ್ಬರು ಹೊರಬೇಕು. ಈ ಸಲ ನೀರು ಹಂಚುವವನು ಮುಂದಿನ ಸಲ ಹೊಲದ ಬದುವಿನಲ್ಲಿ ನಿಂತು ಕಾಯುವವನು. ಅನ್ಯಾಯ ಮಾಡಿದರೆ ತಿರುಗಿ ಬರುತ್ತದೆ ಅಂತ ಅವನಿಗೂ ಗೊತ್ತು.

ಹೊಲಕ್ಕೆ ನೀರು ಕಟ್ಟೋದು ಹೀಗೆ. ಅಳತೆ ಟೋಪೋ ಅಂತ, ಹೆಕ್ಟೇರಿನ ಮೂರನೇ ಒಂದು ಭಾಗ, ನಮ್ಮ ಲೆಕ್ಕದಲ್ಲಿ 33 ಗುಂಟೆ ಹತ್ತಿರ. ನೀರು ಮೊದಲು ಮೇಲಿನ ಮೆಟ್ಟಿಲಿಗೆ ಬರುತ್ತದೆ. ನಾಲೆಯ ಬಾಯಿಗೆ ಇಟ್ಟ ಕಲ್ಲು, ಹುಲ್ಲುಹೆಂಟೆ ಸರಿಸಿದರೆ ನೀರು ಒಳಗೆ. ರೈತ ಸನಿಕೆ ಹಿಡಿದು ಸಾಲುಸಾಲಿಗೆ ತಿರುಗಿಸುತ್ತ ಹೋಗುತ್ತಾನೆ. ಆ ಮೆಟ್ಟಿಲು ಕುಡಿದಾದಮೇಲೆ ಗೋಡೆಯಲ್ಲಿ ಬಿಟ್ಟಿರುವ ಕಲ್ಲಿನ ಸಂದಿಯಿಂದ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತಾನೆ. ಮಣ್ಣು ಕೊಚ್ಚಿಹೋಗದ ಹಾಗೆ ನೀರು ಬೀಳುವ ಜಾಗಕ್ಕೆ ಚಪ್ಪಡಿ ಹಾಸಿರುತ್ತಾರೆ. ಹೊಲ ಮುಗಿಯಿತು ಅಂತ ನೀರಿನ ಯಜಮಾನ ಹೇಳಿದ ಕೂಡಲೇ ಬಾಯಿ ಮುಚ್ಚಬೇಕು. ಪಕ್ಕದವನು ಆಗಲೇ ಸನಿಕೆ ಹಿಡಿದು ನಿಂತಿರುತ್ತಾನೆ. ರಾತ್ರಿ ನೀರು ಪೋಲಾಗದಿರಲಿ ಅಂತ ಕಣಿವೆಯ ಎಷ್ಟೋ ಊರುಗಳಲ್ಲಿ ಸಣ್ಣ ಕಟ್ಟೆಗಳಿವೆ. ರಾತ್ರಿ ಬಂದ ನೀರು ಅದರಲ್ಲಿ ತುಂಬುತ್ತದೆ, ಬೆಳಗ್ಗೆ ಬಿಡುತ್ತಾರೆ.

ಕೊನೇ ಹೊಲದವನ ವಿಚಾರಕ್ಕೆ ಬರೋಣ. ಇದಕ್ಕೆ ಒಳ್ಳೇ ಉದಾಹರಣೆ ಅದೇ ಅರೆಕೀಪಾ ವಿಭಾಗದ ಇನ್ನೊಂದು ಕಣಿವೆ ಕೋಟಾವಾಸಿಯಲ್ಲಿದೆ. ಅಲ್ಲಿ ವೈನಾಕೋಟಾಸ್ ಅಂತ ಒಂದು ಊರು. ಅಲ್ಲಿನ ಕಟ್ಟಳೆ ತುಂಬಾ ಸರಳ. ನೀರು ಹೋಗುವ ಕ್ರಮ ಊರಿಗೆಲ್ಲ ಗೊತ್ತು. ಇಡೀ ಸುತ್ತು ಮುಗಿಯುವವರೆಗೆ ಯಾರಿಗೂ ಎರಡನೇ ಸಲ ನೀರಿಲ್ಲ. ಹತ್ತು ಹೊಲ ಇರುವವನಿಗೂ ಒಂದು ಹೊಲ ಇರುವವನಿಗೂ ಸುತ್ತು ಒಂದೇ. ಬರ ಬಂದರೆ ಸುತ್ತು ನಿಧಾನ ಆಗುತ್ತದೆ, ಆದರೆ ಎಲ್ಲರಿಗೂ ಸಮವಾಗಿ ನಿಧಾನ. ಹೀಗಿದ್ದಾಗ ಕದ್ದವನು ಸಿಕ್ಕಿಬೀಳೋದು ಸುಲಭ. ಇವತ್ತು ಇಂಥವನ ಹೊಲ ಒದ್ದೆ ಇರಬೇಕು, ಅಂಥವನದ್ದು ಒಣಗಿರಬೇಕು ಅನ್ನೋದು ಬದುವಿನ ಮೇಲೆ ನಡೆದು ಹೋಗುವ ಹುಡುಗನಿಗೂ ಗೊತ್ತು. ಪೊಲೀಸು, ನಾಲೆ ನೋಡಿಕೊಳ್ಳೋ ಸೌಡಿ ಯಾರೂ ಬೇಡ.

ನನ್ನ ಪ್ರಕಾರ ವಿಷಯ ಇರೋದೇ ಇಲ್ಲಿ. ನಮ್ಮ ಸೀಳುನಾಲೆಗಳಲ್ಲಿ ನೀರು ಕಮ್ಮಿ ಅನ್ನೋದಕ್ಕಿಂತ, ಇವತ್ತು ಯಾರ ಸರದಿ ಅನ್ನೋದೇ ಯಾರಿಗೂ ಗೊತ್ತಿಲ್ಲ. ಕಟ್ಟು ಯಾವತ್ತು ಶುರು ಅಂತ ಪೇಪರಿನಲ್ಲಿ ಬರುತ್ತದೆ. ನಿಮ್ಮ ತೂಬಿನ ಕೆಳಗಿನ ಹೊಲಗಳಿಗೆ ಯಾವ ಕ್ರಮದಲ್ಲಿ ಅನ್ನೋದು ಎಲ್ಲೂ ಬರಲ್ಲ. ಗೊತ್ತಿಲ್ಲದ ಸರದಿಯನ್ನು ಮುರಿದರೆ ಹಿಡಿಯೋದು ಹೇಗೆ?

ಎಲ್ಲ ಸರಿ ಇದೆ ಅಂತಲ್ಲ. ಸರ್ಕಾರದ ಎಂಜಿನಿಯರುಗಳು ಕಬಾನಾಕೊಂಡೆಗೆ ಬಂದು, ಈ ಮೇಲಿನ ಪಾಲು ಕೆಳಗಿನ ಪಾಲು ಎಲ್ಲ ಬಿಡಿ, ನಾಲೆಯ ಒಂದು ತುದಿಯಿಂದ ಶುರುಮಾಡಿ ಸಾಲಾಗಿ ಕೊಡುತ್ತಾ ಬನ್ನಿ, ನೀರು ಉಳಿಯುತ್ತದೆ ಅಂದರು. ಊರಲ್ಲಿ ಒಬ್ಬರು ಹೂಂ ಅಂದರು, ಇನ್ನೊಬ್ಬರು ಊಹೂಂ ಅಂದರು. ಎರಡೂ ಪದ್ಧತಿ ಜೊತೆಜೊತೆಗೆ ನಡೆದಿವೆ, ಜಗಳವೂ ನಡೆದಿದೆ. ಎಂಜಿನಿಯರ್ ಲೆಕ್ಕ ತಪ್ಪೇನಲ್ಲ. ಆದರೆ ಎರಡು ಪಾಲಿನವರು ಒಬ್ಬರನ್ನೊಬ್ಬರು ಕಣ್ಣಿಟ್ಟು ಕಾಯುತ್ತಾರಲ್ಲ, ಆ ಕಾವಲು ಅವರ ಲೆಕ್ಕದಲ್ಲಿ ಸೇರಿರಲಿಲ್ಲ.

ನಾಲೆ ಹೂಳು ಯಾರು ತೆಗೀತಾರೆ? ಟೆಂಡರ್ ಕರೀತಾರಾ?
– ಮದ್ದೂರು

ಪತ್ರದಲ್ಲಿ ನಗು ಕಾಣಿಸ್ತು! ಊರ ನಾಲೆಗಳಿಗೆ ಟೆಂಡರ್ ಇಲ್ಲ. ಬಿತ್ತನೆಗೆ ಮುಂಚೆ, ಆಗಸ್ಟ್ ಸುಮಾರಿಗೆ, ನೀರು ಬಳಸುವ ಪ್ರತಿ ಮನೆಯಿಂದಲೂ ಆಳು ಬರಬೇಕು. ಬರದಿದ್ದರೆ ದಂಡ. ಕೆಲಸಕ್ಕೆ ಮೊದಲು ನಾಲೆಯ ಮೂಲಕ್ಕೆ ಹೋಗಿ ಬೆಟ್ಟಕ್ಕೆ, ಭೂತಾಯಿಗೆ ಚಿಚಾ ಚಿಮುಕಿಸಿ, ಕೋಕಾ ಎಲೆ ಇಟ್ಟು ಪೂಜೆ. ಆಮೇಲೆ ಸನಿಕೆ, ಗುದ್ದಲಿ. ಸಂಜೆ ಊಟ, ಕುಣಿತ. ಹೊಲದ ಕೆಲಸಕ್ಕೆ ಮುಯ್ಯಾಳು ಪದ್ಧತಿಯೂ ಇದೆ: ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ನಮ್ಮಲ್ಲೂ ಇತ್ತು, ಈಗ ಹಳಬರ ಬಾಯಲ್ಲಿ ಮಾತ್ರ ಕೇಳಿಬರುತ್ತದೆ.

ಕೆ.ಆರ್.ಎಸ್. ಥರ ಅಲ್ಲಿ ಡ್ಯಾಂ ಇದ್ಯಾ? ಎಷ್ಟು ಟಿಎಂಸಿ?
– ಶ್ರೀರಂಗಪಟ್ಟಣ

ಇದೆ. ಕೊಂಡೊರೋಮಾ ಅಂತ. ಕೋಲ್ಕಾ ಹೊಳೆಗೆ ಅಡ್ಡ, 4,000 ಮೀಟರಿಗೂ ಎತ್ತರದ ಜಾಗದಲ್ಲಿ 1985ರಲ್ಲಿ ಮುಗಿಯಿತು. ಟಿಎಂಸಿ ಲೆಕ್ಕದಲ್ಲಿ ಒಂಬತ್ತು-ಹತ್ತು. ನಮ್ಮ ಕೆ.ಆರ್.ಎಸ್. 49.45. ಅಂದರೆ ಅದರ ಐದನೇ ಒಂದು ಪಾಲು.

ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ: ಆ ನೀರು ಯಾರಿಗೆ? ಕಣಿವೆಯ ರೈತರಿಗೆ ಅಂತ ಯಾರೂ ಕಟ್ಟಲಿಲ್ಲ. ಕೆಳಗೆ ಸಮುದ್ರದ ಕಡೆ ಮಾಹೆಸ್ ಅನ್ನೋ ಬರಡು ಬಯಲು. ಅದನ್ನು ಹಸಿರು ಮಾಡಬೇಕು ಅಂತ ಪೆರು ಸರ್ಕಾರ 1970ರ ದಶಕದಲ್ಲಿ ಹೊರಟಿತು. ತೂತಿ ಅನ್ನೋ ಊರ ಹತ್ತಿರ ಹೊಳೆ ನೀರು ತಿರುಗಿಸಿ, ಸುಮಾರು 100 ಕಿಲೋಮೀಟರ್ ಕಾಲುವೆ. ಅದರಲ್ಲಿ ಬಹುಪಾಲು ಬೆಟ್ಟದ ಒಳಗಿನ ಸುರಂಗ. ಹುಲಿಕೆರೆ ಸುರಂಗ ನೋಡಿ ಬೆರಗಾದವರು ಇದನ್ನು ಕಲ್ಪಿಸಿಕೊಳ್ಳಿ. ಈ ಕಾಲುವೆ ಎಡದಂಡೆಯಲ್ಲಿ, ಯಾಂಕೆ, ಅಚೋಮಾ, ಮಾಕಾ, ಕಬಾನಾಕೊಂಡೆ ಊರುಗಳ ಹೊಲಗಳ ಮೇಲ್ಗಡೆಯೇ ಹಾದುಹೋಗುತ್ತದೆ. ಕೆಳಗಿನವರಿಗೆ ಒಂದು ತೂಬೂ ಇಟ್ಟಿರಲಿಲ್ಲ.

ಕಬಾನಾಕೊಂಡೆಯವರು ಅರ್ಜಿ ಕೊಟ್ಟರು, ಅರೆಕೀಪಾಗೆ ಅಲೆದರು. ಏನೂ ಆಗಲಿಲ್ಲ. 1983ರಲ್ಲಿ ಪೆರುವಿನ ದಕ್ಷಿಣದ ಬೆಟ್ಟಗಳಲ್ಲಿ ಭಾರಿ ಬರ ಬಿತ್ತು. ಹೊಲ ಬಿರುಕು ಬಿಟ್ಟಿದೆ, ತಲೆಯ ಮೇಲೆ ಕಾಲುವೆ ತುಂಬಿ ಹರಿಯುತ್ತಿದೆ. ಊರಿನ ಹನ್ನೊಂದು ಜನ ಹೋಗಿ ಕಾಂಕ್ರೀಟ್ ಒಡೆದು ನೀರು ಇಳಿಸಿಕೊಂಡರು. ಸರ್ಕಾರದ ಆಸ್ತಿ ಒಡೆದದ್ದು, ಕೇಸು ಆಗೋ ವಿಚಾರವೇ. ಆದರೆ ಇಡೀ ಊರು ಅವರ ಬೆನ್ನಿಗೆ ನಿಂತಿತು. ಕೊನೆಗೆ ಸರ್ಕಾರವೇ ಅಲ್ಲಿ ಅಧಿಕೃತವಾಗಿ ತೂಬು ಕೊಟ್ಟಿತು. ಅದನ್ನು ನೋಡಿ ಎಡದಂಡೆಯ ಬೇರೆ ಊರುಗಳಿಗೂ ನೀರು ಸಿಕ್ಕಿತು. ಕಬಾನಾಕೊಂಡೆಯಲ್ಲಿ ಪಾಳು ಬಿದ್ದಿದ್ದ ಎಷ್ಟೋ ಹೊಲ ಮತ್ತೆ ಉಳುಮೆಗೆ ಬಂತು. ಆ ಹನ್ನೊಂದು ಮಂದಿಯನ್ನು ಊರವರು ಇವತ್ತಿಗೂ ವೀರರು ಅಂತಲೇ ಕರೆಯುತ್ತಾರೆ.

ಕಾಲುವೆ ಒಡೆಯಿರಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಆದರೆ ಕಾಲುವೆಯ ನಕ್ಷೆ ಬರೆಯುವಾಗಲೇ ಕೆಳಗಿನ ಊರಿಗೆ ನಾಲ್ಕು ತೂಬು ಬರೆದಿದ್ದರೆ ಆ ರಾತ್ರಿ ಯಾರೂ ಬೆಟ್ಟ ಹತ್ತುವ ಅಗತ್ಯ ಇರಲಿಲ್ಲ.

ಈ ಮಾಹೆಸ್ ಯೋಜನೆಯ ಎರಡನೇ ಭಾಗ ಇನ್ನೂ ಗೋಜಲು. ಅಪುರಿಮಾಕ್ ಹೊಳೆಗೆ ಅಂಗೊಸ್ತೂರಾ ಅನ್ನೋ ಕಡೆ ಡ್ಯಾಂ ಕಟ್ಟಿ ಆ ನೀರನ್ನೂ ಈ ಕಡೆ ತಿರುಗಿಸಬೇಕು ಅಂತ ಯೋಜನೆ. ಪಕ್ಕದ ಕುಸ್ಕೋ ವಿಭಾಗದ ಎಸ್ಪಿನಾರ್ ಜನ, ನಮ್ಮ ಹೊಳೆ ಒಣಗುತ್ತದೆ ಅಂತ ಬೀದಿಗಿಳಿದರು. 2010ರಲ್ಲಿ ಗುತ್ತಿಗೆ ಆಯಿತು, ಆಮೇಲೆ ಕೆಲಸ ವರ್ಷಗಟ್ಟಲೆ ನಿಂತಿತು. ಎರಡು ರಾಜ್ಯ, ಒಂದು ಹೊಳೆ, ಕಟ್ಟಬೇಕಾದ ಒಂದು ಡ್ಯಾಂ... ನಮಗೆ ವಿವರಿಸಿ ಹೇಳಬೇಕಾ?

ಮರಳುಗಾಡಿಗೆ ಅಷ್ಟು ನೀರು ಕೊಟ್ಟರೆ ನಮ್ಮಲ್ಲಿ ಆದ ಹಾಗೆ ಭೂಮಿ ಚೌಳು ಆಗಲ್ವಾ?
– ಮಂಡ್ಯ

ಮಾಹೆಸ್‌ನಲ್ಲಿ ಗದ್ದೆಗೆ ನೀರು ನಿಲ್ಲಿಸಲ್ಲ. ಶುರುವಿನಿಂದಲೇ ತುಂತುರು ನೀರಾವರಿ, ಈಗ ಹನಿ ನೀರಾವರಿಯೂ ಜಾಸ್ತಿ. ಕುದುರೆಮೆಂತೆ ಬೆಳೆದು ಹಾಲಿನ ಹಸು ಸಾಕೋದು ಅಲ್ಲಿನ ಮುಖ್ಯ ಕಸುಬು. ಜೊತೆಗೆ ಈರುಳ್ಳಿ, ಆಲೂಗಡ್ಡೆ, ಹೊರದೇಶಕ್ಕೆ ಕಳಿಸುವ ಒಂದು ಥರ ಕೆಂಪು ಮೆಣಸಿನಕಾಯಿ.

ಆದರೂ ಪೆಟ್ಟು ಬಿತ್ತು, ಬೇರೆ ರೀತಿಯಲ್ಲಿ. ಬಯಲಿನ ಮರಳಿನಲ್ಲಿ ಇಂಗಿದ ನೀರು ಅಡಿಯಲ್ಲೇ ಸರಿದು ಪಕ್ಕದ ಸೀಗ್ವಾಸ್ ಕಣಿವೆಯ ಅಂಚಿನಲ್ಲಿ ಜಿನುಗತೊಡಗಿತು. ಒಣಗಿ ಗಟ್ಟಿಯಾಗಿದ್ದ ಗುಡ್ಡ ನೀರು ಕುಡಿದು ಕುಸಿಯಿತು. ಕಣಿವೆಯ ಕೆಳಗಿನ ಒಳ್ಳೊಳ್ಳೆ ಹೊಲಗಳು ಮಣ್ಣಿನಡಿ ಹೋದವು. ಮೇಲೆ ಹೊಸ ಭೂಮಿ ಬಂತು, ಕೆಳಗೆ ಹಳೇ ಭೂಮಿ ಹೋಯಿತು. ನೀರು ಕೊಡೋ ಯೋಜನೆಯಲ್ಲಿ ನೀರು ಬಸಿದುಹೋಗೋ ದಾರಿಗೆ ದುಡ್ಡು ಇಡೋ ಅಭ್ಯಾಸ ಎಲ್ಲೂ ಇಲ್ಲವೇನೋ.

ಮೆಟ್ಟಿಲು ಹೊಲಗಳಲ್ಲಿ ತುಂಬಾ ಪಾಳು ಬಿದ್ದಿವೆ ಅಂತ ಚಿತ್ರದಲ್ಲೇ ಕಾಣುತ್ತೆ. ಯಾಕೆ?
– ನಾಗಮಂಗಲ

ಚುರುಕು ಕಣ್ಣು ನಿಮ್ಮದು. ಹೌದು, ದೊಡ್ಡ ಪಾಲು ಪಾಳು. ಒಂದೇ ಕಾರಣ ಇಲ್ಲ. ಈ ಮೆಟ್ಟಿಲುಗಳು, ಸ್ಪೇನಿನವರಿಗೆ ಮುಂಚೆ ಆ ನಾಡನ್ನು ಆಳಿದ ಇಂಕಾಗಳಿಗಿಂತ ಹಿಂದಿನವು, ಸಾವಿರ ವರ್ಷಕ್ಕೂ ಹಳೆಯವು ಇವೆ. ಸ್ಪೇನಿನವರು ಬಂದಮೇಲೆ ಸಿಡುಬಿನಂಥ ರೋಗಕ್ಕೆ ಜನ ಸತ್ತರು. 1570ರ ದಶಕದಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ಅಲ್ಲಲ್ಲಿ ಚದುರಿದ್ದ ಹಟ್ಟಿಗಳನ್ನು ಖಾಲಿ ಮಾಡಿಸಿ, ಚರ್ಚು, ಚೌಕ ಇರುವ ದೊಡ್ಡ ಊರುಗಳಿಗೆ ಜನರನ್ನು ತುಂಬಿಸಿದ. ಇವತ್ತಿನ ಊರುಗಳು ಆಗ ಆದವೇ. ಹೊಲ ದೂರ ಆಯಿತು, ದುಡಿಯೋ ಕೈ ಕಮ್ಮಿ ಆಯಿತು, ಮೇಲಿನ ನಾಲೆ ಹೂಳು ತೆಗೆಯೋರಿಲ್ಲ. ನಾಲೆ ಸತ್ತರೆ ಮೆಟ್ಟಿಲು ಸತ್ತ ಹಾಗೆ. ಈಗಲೂ ಹುಡುಗರು ಅರೆಕೀಪಾ, ಲೀಮಾ ಅಂತ ಹೋಗುತ್ತಾರೆ. ಮಾಹೆಸ್‌ಗೂ ಹೋಗುತ್ತಾರೆ.

ಅಲ್ಲಿನ ಜನ ಯಾರು? ಭಾಷೆ ಯಾವುದು? ಟೋಪಿ ನೋಡಿ ಊರು ಹೇಳಬಹುದಂತೆ, ನಿಜವಾ?
– ಸರಸ್ವತಿಪುರಂ, ಮೈಸೂರು

ನಿಜ. ಕಣಿವೆಯಲ್ಲಿ ಎರಡು ಹಳೆಯ ಜನ: ಮೇಲ್ಭಾಗದಲ್ಲಿ ಕೊಯಾಗ್ವಾ, ಕೆಳಭಾಗದಲ್ಲಿ ಕಬಾನಾ. ಕೊಯಾಗ್ವಾ ಹೆಂಗಸರದ್ದು ಬಿಳಿ ಹುಲ್ಲಿನ ಗಟ್ಟಿ ಟೋಪಿ, ರಿಬ್ಬನ್ ಸುತ್ತಿದ್ದು. ಕಬಾನಾ ಹೆಂಗಸರದ್ದು ಬಟ್ಟೆಯ ಟೋಪಿ, ತುಂಬಾ ಕಸೂತಿ. ಆ ಲಂಗ, ರವಿಕೆಗಳ ಕಸೂತಿಯನ್ನು ಹೊಲಿಗೆ ಯಂತ್ರದಲ್ಲಿ ಹಾಕುತ್ತಾರೆ. ಹಾಕುವವರಲ್ಲಿ ಗಂಡಸರೂ ಇದ್ದಾರೆ.

ಟೋಪಿಗಿಂತ ಹಿಂದೆ ತಲೆಯೇ ಬೇರೆ ಬೇರೆ ಇತ್ತು! 1586ರಲ್ಲಿ ಹುವಾನ್ ದೆ ಉಯೋವಾ ಅನ್ನೋ ಸ್ಪೇನಿನ ಅಧಿಕಾರಿ ಬರೆದ ವರದಿಯ ಪ್ರಕಾರ, ಕೊಯಾಗ್ವಾಗಳು ಕೂಸಿನ ತಲೆಗೆ ಪಟ್ಟಿ ಬಿಗಿದು ಉದ್ದಕ್ಕೆ ಮಾಡುತ್ತಿದ್ದರು, ಕಬಾನಾಗಳು ಅಗಲ ಮಾಡುತ್ತಿದ್ದರು. ತೊಲೆದೊ ಅದನ್ನು ನಿಲ್ಲಿಸಿದ. ಈಗ ಜನ ಮಾತಾಡೋದು ಕೆಚುವಾ ಮತ್ತು ಸ್ಪ್ಯಾನಿಷ್. ಹಬ್ಬಗಳಲ್ಲಿ ವಿತಿತಿ ಅನ್ನೋ ಕುಣಿತ, ಗಂಡಸರೂ ಲಂಗ ಉಟ್ಟು ಕುಣಿಯುತ್ತಾರೆ. ಯುನೆಸ್ಕೋ 2015ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿತು.

ಬೆಟ್ಟಗಳು ಅವರಿಗೆ ದೇವರು. ಇಂಕಾ ಕಾಲದಲ್ಲಿ ಆಂಪಾಟೋ ಬೆಟ್ಟದ ಮೇಲೆ ಒಬ್ಬ ಹುಡುಗಿಯನ್ನೇ ಬಲಿ ಕೊಟ್ಟಿದ್ದರು. ಪಕ್ಕದ ಸಬಾಂಕಾಯಾ ಜ್ವಾಲಾಮುಖಿಯ ಬಿಸಿ ಬೂದಿಗೆ ಮಂಜು ಕರಗಿ, 1995ರಲ್ಲಿ ಸಂಶೋಧಕ ಯೋಹಾನ್ ರೈನ್‌ಹಾರ್ಡ್ ಮತ್ತು ಅವರ ಜೊತೆಗಾರ ಮಿಗೆಲ್ ಸಾರಾತೆ ಅವರಿಗೆ ಆ ದೇಹ ಕೆಡದೆ ಸಿಕ್ಕಿತು. ಅದನ್ನು ಅರೆಕೀಪಾದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಅಮೆಜಾನ್ ಹುಟ್ಟೋದು ಅಲ್ಲೇ ಅಂತ ಮಗನ ಪುಸ್ತಕದಲ್ಲಿದೆ. ಕೋಲ್ಕಾ ಶಾಂತಸಾಗರ ಸೇರುತ್ತೆ ಅಂದರೆ ಹೇಗೆ?
– ಹುಣಸೂರು

ಎರಡೂ ಸರಿ. ಕಣಿವೆಯ ಉತ್ತರಕ್ಕೆ ಮಿಸ್ಮಿ ಬೆಟ್ಟ, ಸುಮಾರು 5,600 ಮೀಟರ್. ಅದರ ಉತ್ತರದ ಇಳಿಜಾರಿಗೆ ಬಿದ್ದ ಹನಿ ಅಪುರಿಮಾಕ್ ಸೇರಿ ಅಮೆಜಾನ್ ಆಗಿ ಅಟ್ಲಾಂಟಿಕ್‌ಗೆ ಹೋಗುತ್ತದೆ. ದಕ್ಷಿಣದ ಇಳಿಜಾರಿನದ್ದು ಕೋಲ್ಕಾ. ಅಮೆಜಾನಿನ ಮೂಲ ಅಂತ ಹೇಳುವ ಜಾಗಗಳಲ್ಲಿ ಮಿಸ್ಮಿ ಒಂದು, ಬೇರೆ ಜಾಗಗಳ ವಾದವೂ ಇದೆ. ಕೊಡಗಿನ ಮಳೆಯಲ್ಲಿ ಒಂದಿಷ್ಟು ಕಾವೇರಿಗೆ, ಒಂದಿಷ್ಟು ಅರಬ್ಬಿ ಸಮುದ್ರಕ್ಕೆ ಹೋಗೋದಿಲ್ವೇ, ಹಾಗೇ.

ನಿವೃತ್ತಿ ಆಗಿದೆ. ನಾನೂ ನಮ್ಮ ಮನೆಯವರೂ ಒಮ್ಮೆ ನೋಡಿ ಬರೋಣ ಅಂತ. ಯಾವ ತಿಂಗಳು ಒಳ್ಳೆಯದು?
– ಜಯಲಕ್ಷ್ಮೀಪುರಂ, ಮೈಸೂರು

ಹಸಿರು ನೋಡಬೇಕಾದರೆ ಮಾರ್ಚ್ ಕೊನೆ, ಏಪ್ರಿಲ್. ಆಕಾಶ ತಿಳಿಯಾಗಿ, ಕಾಂಡೋರ್ ಹದ್ದು ಚೆನ್ನಾಗಿ ಕಾಣಬೇಕಾದರೆ ಮೇ ನಂತರ, ಅದೂ ಬೆಳಗಿನ ಹೊತ್ತು, ಬಿಸಿಗಾಳಿ ಏಳುವಾಗ. ಮೊದಲು ಅರೆಕೀಪಾದಲ್ಲಿ ಎರಡು ದಿನ ಇದ್ದು ಹೋಗಿ. ಅದು 2,300 ಮೀಟರ್ ಎತ್ತರ, ಮೈ ಒಗ್ಗುತ್ತದೆ. ಚಿವಾಯ್ ದಾರಿಯಲ್ಲಿ ಪಾಟಾಪಾಂಪಾ ಕಣಿವೆದಾರಿ 4,900 ಮೀಟರ್ ಹತ್ತಿರ ಇದೆ, ತಲೆ ಸುತ್ತೋದು, ಉಸಿರು ಕಟ್ಟೋದು ಮಾಮೂಲು. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ. ಕೋಕಾ ಎಲೆಯ ಕಷಾಯ ಕೊಡುತ್ತಾರೆ, ಕುಡಿಯಿರಿ, ಆದರೆ ಎಲೆಯನ್ನು ಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತಬೇಡಿ, ನಮ್ಮ ದೇಶದಲ್ಲಿ ಅದು ಅಪರಾಧ.

ಬೇಸಾಯವನ್ನೇ ನೋಡಬೇಕು ಅಂದರೆ ಆಗಸ್ಟ್. ಎತ್ತು ಕಟ್ಟಿ ಉಳೋದು, ನಾಲೆ ಹೂಳು ತೆಗೆಯೋದು ಎಲ್ಲ ಆಗಲೇ. ಯಾರಾದರೂ ನಿಮ್ಮ ಕೈಗೂ ಒಂದು ಸನಿಕೆ ಕೊಟ್ಟರೆ ಬೇಡ ಅನ್ನಬೇಡಿ, ಮಂಡ್ಯದ ಕಡೆಯವರು ಅಂತ ಹೇಳಿ ಎರಡು ಬುಟ್ಟಿ ಮಣ್ಣು ಎತ್ತಿಹಾಕಿ ಬನ್ನಿ.